ಓದುಗರ ಪ್ರಶ್ನೆ: ಸೈಕಲ್ ಸಲಕರಣೆಯ ಆಯ್ಕೆ ಮತ್ತು ಆರೈಕೆ

ರಸ್ತೆ ಸೈಕಲ್ ಮತ್ತು ಮೌಂಟನ್ ಬೈಕ್‌ಗಳ ಬಗ್ಗೆ ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಏನನ್ನು ಕೊಳ್ಳಬೇಕು ಎಂಬುದನ್ನು ಕುರಿತಿವೆ. ಕೊಂಡದ್ದು ಹೇಗೆ ಸವೆಯುತ್ತದೆ, ಆ ಸವೆತವನ್ನು ಯಾವಾಗ ಗುರುತಿಸಬೇಕು ಎಂದು ಕೇಳಿದವರು ಕಡಿಮೆ. ಸೈಕಲ್ಲಿನ ಖರ್ಚು ಈ ಎರಡನೆಯ ಕಡೆಯಿಂದಲೇ ಬೆಳೆಯುವುದರಿಂದ, ಉತ್ತರಗಳಲ್ಲಿ ಅದಕ್ಕೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ವಾರದ ದಿನಗಳಲ್ಲಿ ಡಾಂಬರು ರಸ್ತೆಯಲ್ಲಿ ಓಡಿಸುತ್ತೇನೆ, ರಜೆ ಬಂದಾಗ ಮಣ್ಣಿನ ಹಾದಿಗಳಿಗೆ ಹೋಗುವ ಆಸೆಯಿದೆ. ಒಂದೇ ಸೈಕಲ್ ಕೊಳ್ಳಬಲ್ಲೆ. ರಸ್ತೆ ಸೈಕಲ್ ಕೊಳ್ಳಲೇ ಅಥವಾ ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಮೌಂಟನ್ ಬೈಕ್ ಕೊಳ್ಳಲೇ? ಕಾರ್ಬನ್ ಫ್ರೇಮ್ ಬೇಕೇ ಬೇಕೇ?

ಉತ್ತರ: ನಿಮ್ಮ ಸವಾರಿಯ ಹೆಚ್ಚಿನ ಗಂಟೆಗಳು ಯಾವ ನೆಲದ ಮೇಲೆ ಕಳೆಯುತ್ತವೆಯೋ ಆ ನೆಲಕ್ಕೆ ತಕ್ಕ ಸೈಕಲ್ಲನ್ನೇ ಆರಿಸಿಕೊಳ್ಳಿ. ನೀವು ಬರೆದಿರುವ ಪ್ರಕಾರ ಅದು ಡಾಂಬರು. ಹಾಗಿದ್ದಲ್ಲಿ 35 ಮಿ.ಮೀ. ಅಥವಾ ಅದಕ್ಕಿಂತ ಅಗಲದ ಟೈರ್ ಹಿಡಿಸುವಷ್ಟು ಜಾಗ ಫ್ರೇಮಿನಲ್ಲೂ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನಲ್ಲೂ ಇರುವ, ಡಿಸ್ಕ್ ಬ್ರೇಕಿನ ರಸ್ತೆ ಸೈಕಲ್ ಅಥವಾ ಮಣ್ಣು, ಜಲ್ಲಿಯ ಹಾದಿಗೂ ಆಗುವ ಗ್ರ್ಯಾವೆಲ್ ಸೈಕಲ್ ನಿಮ್ಮ ಎರಡೂ ಕೆಲಸಗಳನ್ನು ಮಾಡುತ್ತದೆ. ನಯವಾದ ಮಣ್ಣಿನ ಹಾದಿಗೆ ಅದು ಸಾಕು. ಕಲ್ಲು, ಬೇರು, ಕಡಿದಾದ ಇಳಿಜಾರುಗಳಿರುವ ಹಾದಿಗೆ ಮಾತ್ರ ಸಾಲದು. ಅಂಥ ಹಾದಿಯೇ ನಿಮ್ಮನ್ನು ಸೆಳೆಯುತ್ತಿದ್ದರೆ ಮುಂದಿನ ಫೋರ್ಕಿನಲ್ಲಷ್ಟೇ 100ರಿಂದ 120 ಮಿ.ಮೀ. ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಕೊಳ್ಳಿ. ಒಂದೇ ಬೆಲೆಯಲ್ಲಿ ಹಾರ್ಡ್‌ಟೇಲ್ ಒಂದನ್ನೂ ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್ ಒಂದನ್ನೂ ಪಕ್ಕಪಕ್ಕ ಇಟ್ಟರೆ, ಎರಡನೆಯದರಲ್ಲಿ ಹಿಂದಿನ ಶಾಕ್ ಮತ್ತು ಅದರ ಕೀಲುಗಳಿಗೆ ಹೋದ ಹಣವನ್ನು ತಯಾರಕರು ಬ್ರೇಕು, ಚಕ್ರ, ಫೋರ್ಕುಗಳಲ್ಲಿ ಉಳಿಸಿರುತ್ತಾರೆ. ಅಗ್ಗದ ಫೋರ್ಕಿನಲ್ಲಿ ಸ್ಪ್ರಿಂಗ್ ಇರುತ್ತದೆ, ಅದರ ಪುಟಿತವನ್ನು ಹಿಡಿದು ನಿಲ್ಲಿಸುವ ಡ್ಯಾಂಪರ್ ಹೆಸರಿಗಷ್ಟೇ ಇರುತ್ತದೆ. ಅಂಥ ಸೈಕಲ್ ಭಾರವೂ ಹೌದು, ಕಲ್ಲಿನ ಹಾದಿಯಲ್ಲಿ ಅಂಕೆಗೆ ಸಿಗದ್ದೂ ಹೌದು.

ಕಾರ್ಬನ್ ಅಗತ್ಯವಿಲ್ಲ. ಒಳ್ಳೆಯ ಅಲ್ಯೂಮಿನಿಯಂ ಫ್ರೇಮ್ ನಿಮ್ಮ ಅಳತೆಗೆ ಸರಿಯಾಗಿದ್ದರೆ ಅದು ನಿಮ್ಮ ಅಳತೆಗೆ ಹೊಂದದ ಯಾವ ಕಾರ್ಬನ್ ಫ್ರೇಮಿಗಿಂತಲೂ ಉತ್ತಮ. ಫ್ರೇಮಿನ ಮೇಲೆ ಬರೆದಿರುವ ಅಕ್ಷರ ಅಥವಾ ಸಂಖ್ಯೆಯನ್ನು ನೆಚ್ಚಿಕೊಳ್ಳಬೇಡಿ. ಒಂದು ಕಂಪನಿಯ ಮಧ್ಯಮ ಅಳತೆ ಇನ್ನೊಂದರ ದೊಡ್ಡ ಅಳತೆಯಾಗಿರಬಹುದು. ತಯಾರಕರ ಪಟ್ಟಿಯಲ್ಲಿ ಸ್ಟ್ಯಾಕ್ ಮತ್ತು ರೀಚ್ ಎಂಬ ಎರಡು ಅಳತೆಗಳಿರುತ್ತವೆ. ಪೆಡಲುಗಳ ನಡುವಿನ ಅಚ್ಚಿನ ಕೇಂದ್ರದಿಂದ ಫ್ರೇಮಿನ ತಲೆಕೊಳವೆಯ ಮೇಲ್ತುದಿ ಎಷ್ಟು ಎತ್ತರದಲ್ಲಿದೆ, ಎಷ್ಟು ಮುಂದಿದೆ ಎಂಬುದನ್ನು ಅವು ತಿಳಿಸುತ್ತವೆ. ಬೇರೆ ಬೇರೆ ಸೈಕಲ್ಲುಗಳನ್ನು ಈ ಎರಡು ಅಳತೆಗಳ ಮೇಲೆ ಹೋಲಿಸಬಹುದು. ಸೀಟಿನ ಎತ್ತರಕ್ಕೆ ಒಂದು ಹಳೆಯ ಲೆಕ್ಕವಿದೆ: ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು ನೆಲದಿಂದ ತೊಡೆಸಂದಿನವರೆಗಿನ ಅಳತೆ ತೆಗೆದು ಅದನ್ನು 0.883ರಿಂದ ಗುಣಿಸಿದರೆ, ಅಚ್ಚಿನ ಕೇಂದ್ರದಿಂದ ಸೀಟಿನ ಮೇಲ್ಮೈವರೆಗಿನ ಅಂತರ ಸಿಗುತ್ತದೆ. ಕಾಲಿನ ಅಳತೆ 80 ಸೆಂ.ಮೀ. ಇದ್ದರೆ ಸೀಟು 70.6 ಸೆಂ.ಮೀ. ಎತ್ತರಕ್ಕೆ ಬರುತ್ತದೆ. ಇದು ಆರಂಭದ ಅಳತೆ ಮಾತ್ರ. ಪೆಡಲ್ ಅತ್ಯಂತ ಕೆಳಗಿದ್ದಾಗ ಮೊಣಕಾಲು ಸ್ವಲ್ಪ ಬಾಗಿರಬೇಕು, ಸೊಂಟ ಅತ್ತಿತ್ತ ಓಲಾಡಬಾರದು. ಅಲ್ಲಿಗೆ ತಲುಪುವವರೆಗೆ ಒಂದೆರಡು ಮಿಲಿಮೀಟರಿನಂತೆ ಹೊಂದಿಸಿಕೊಳ್ಳಿ.

ಗೇರುಗಳ ಸಂಖ್ಯೆಯನ್ನು ಎಣಿಸುವ ಬದಲು ಅತ್ಯಂತ ಹಗುರ ಗೇರು ಎಷ್ಟು ಹಗುರವಾಗಿದೆ ಎಂದು ನೋಡಿ. ರಸ್ತೆ ಸೈಕಲ್ಲಿನಲ್ಲಿ ಚೈನ್ ಕೂರುವ ಹಲ್ಲುಚಕ್ರಗಳಲ್ಲಿ ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 2.1 ಮೀಟರ್ ಸಾಗುತ್ತದೆ. ಮೌಂಟನ್ ಬೈಕಿನಲ್ಲಿ ಮುಂದೆ 32, ಹಿಂದೆ 51 ಇದ್ದರೆ, ಅದರ ಚಕ್ರ ದೊಡ್ಡದಾದರೂ, ಒಂದು ಸುತ್ತಿಗೆ ಸುಮಾರು 1.45 ಮೀಟರ್ ಮಾತ್ರ ಸಾಗುತ್ತದೆ. ಕಡಿದಾದ ಏರಿನಲ್ಲಿ ಮೊಣಕಾಲನ್ನು ಕಾಯುವುದು ಈ ವ್ಯತ್ಯಾಸವೇ.

ಪ್ರಶ್ನೆ: ನನ್ನ ರಸ್ತೆ ಸೈಕಲ್ಲಿನ 28 ಮಿ.ಮೀ. ಟೈರಿನ ಬದಿಯಲ್ಲಿ ಗರಿಷ್ಠ 115 ಪಿಎಸ್‌ಐ ಎಂದು ಬರೆದಿದೆ. ನಾನು ಅಷ್ಟೇ ಗಾಳಿ ಹಾಕುತ್ತೇನೆ. ಆದರೂ ಪಂಕ್ಚರ್ ತಪ್ಪಿಲ್ಲ, ಕೈಗಳಿಗೆ ವಿಪರೀತ ನಡುಕ. ಟ್ಯೂಬ್‌ಲೆಸ್‌ಗೆ ಬದಲಾಯಿಸಬೇಕೇ?

ಉತ್ತರ: ಟೈರಿನ ಬದಿಯಲ್ಲಿರುವ ಸಂಖ್ಯೆ ದಾಟಬಾರದ ಗಡಿಯೇ ಹೊರತು ಹಾಕಬೇಕಾದ ಪ್ರಮಾಣವಲ್ಲ. ಗಾಳಿ ಹೆಚ್ಚಿದಷ್ಟೂ ಸೈಕಲ್ ವೇಗವಾಗಿ ಓಡುತ್ತದೆ ಎಂಬ ನಂಬಿಕೆ ಬಹಳ ಕಾಲ ಉಳಿದುಕೊಂಡಿತ್ತು. ನುಣುಪಾದ ನೆಲದ ಮೇಲೆ ಅದರಲ್ಲಿ ಸತ್ಯಾಂಶವೂ ಇದೆ. ಆದರೆ ನಿಜವಾದ ರಸ್ತೆಯಲ್ಲಿ ಗಟ್ಟಿಯಾದ ಟೈರ್ ಪ್ರತಿ ಸಣ್ಣ ಉಬ್ಬಿನ ಮೇಲೂ ಸೈಕಲ್ಲನ್ನೂ ಸವಾರರನ್ನೂ ಮೇಲಕ್ಕೆತ್ತಿ ಬಿಡುತ್ತದೆ. ಆ ಎತ್ತಾಟಕ್ಕೆ ವ್ಯಯವಾಗುವ ಶಕ್ತಿ ನಿಮ್ಮ ಕಾಲುಗಳಿಂದಲೇ ಬಂದದ್ದು, ನಿಮಗೆ ನಡುಕವಾಗಿ ತಿಳಿಯುತ್ತಿರುವುದೂ ಅದೇ. ಟೈರ್ ಸ್ವಲ್ಪ ಬಗ್ಗಿ ಉಬ್ಬನ್ನು ತನ್ನೊಳಗೇ ತೆಗೆದುಕೊಂಡರೆ ಶಕ್ತಿಯೂ ಉಳಿಯುತ್ತದೆ, ತಿರುವಿನಲ್ಲಿ ಹಿಡಿತವೂ ಹೆಚ್ಚುತ್ತದೆ. ಸುಮಾರು 70 ಕೆ.ಜಿ. ತೂಗುವವರು 28 ಮಿ.ಮೀ. ಟೈರಿನಲ್ಲಿ ಟ್ಯೂಬ್ ಬಳಸುತ್ತಿದ್ದರೆ ಮುಂದೆ 70, ಹಿಂದೆ 75 ಪಿಎಸ್‌ಐ ಆಸುಪಾಸಿನಿಂದ ಆರಂಭಿಸಬಹುದು. 2.3 ಅಥವಾ 2.4 ಇಂಚಿನ ಟ್ಯೂಬ್‌ಲೆಸ್ ಮೌಂಟನ್ ಟೈರಿಗೆ 20ರಿಂದ 26ರ ನಡುವೆ ಸಾಕು. ಸವಾರರ ಭಾರ ಹಿಂದಿನ ಚಕ್ರದ ಮೇಲೆ ಹೆಚ್ಚು ಬೀಳುವುದರಿಂದ ಅಲ್ಲಿ ಸ್ವಲ್ಪ ಹೆಚ್ಚಿನ ಗಾಳಿ ಬೇಕು. ಬೆರಳಿನಿಂದ ಒತ್ತಿ ನೋಡುವ ಪದ್ಧತಿ ಈ ಸೂಕ್ಷ್ಮ ವ್ಯತ್ಯಾಸಗಳನ್ನು ಹಿಡಿಯಲಾರದು. ಪ್ರತಿ ಬಾರಿಯೂ ಒಂದೇ ಮಾಪಕದಲ್ಲಿ ಅಳೆಯಿರಿ. ಒಂದು ಮಾಪಕ ಇನ್ನೊಂದಕ್ಕಿಂತ ಕೆಲವು ಅಂಕ ಹೆಚ್ಚು ಕಡಿಮೆ ತೋರಿಸಿದರೂ, ಅದೇ ಮಾಪಕಕ್ಕೆ ನಿಮ್ಮ ಅನುಭವ ಹೊಂದಿಕೊಳ್ಳುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಒಳಅಂಚಿನಲ್ಲಿ ಕೊಕ್ಕೆಯಿಲ್ಲದ ಹುಕ್‌ಲೆಸ್ ರಿಮ್ ನಿಮ್ಮ ಚಕ್ರದಲ್ಲಿದ್ದರೆ, ಟೈರ್ ಏನೇ ಹೇಳಿದರೂ 5 ಬಾರ್, ಅಂದರೆ 72.5 ಪಿಎಸ್‌ಐ ಮೀರಬಾರದು. ಮೀರಿದರೆ ಟೈರ್ ರಿಮ್ ಬಿಟ್ಟು ಹಾರುವ ಅಪಾಯವಿದೆ. ಅಂಥ ರಿಮ್‌ಗೆ ಅದಕ್ಕಾಗಿಯೇ ತಯಾರಾದ ಟೈರನ್ನಷ್ಟೇ ಹಾಕಬೇಕು.

ನಿಮ್ಮ ಪಂಕ್ಚರಿನ ಕಾರಣವನ್ನು ಟ್ಯೂಬ್ ತಾನೇ ಹೇಳುತ್ತದೆ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸಣ್ಣ ಸೀಳುಗಳಿದ್ದರೆ ಗಾಳಿ ಕಡಿಮೆಯಾಗಿ, ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬ್ ರಿಮ್‌ಗೂ ನೆಲಕ್ಕೂ ನಡುವೆ ಸಿಕ್ಕಿಕೊಂಡಿದೆ ಎಂದರ್ಥ. ಹೊರಮೈಯಲ್ಲಿ ಒಂದೇ ತೂತಿದ್ದರೆ ಮುಳ್ಳು, ಗಾಜಿನ ಚೂರು ಅಥವಾ ಸಣ್ಣ ತಂತಿ ಚುಚ್ಚಿದೆ. ಒಳಮೈಯಲ್ಲಿ, ಅಂದರೆ ರಿಮ್ ಕಡೆ ತೂತಿದ್ದರೆ ಕಡ್ಡಿಗಳ ರಂಧ್ರಗಳನ್ನು ಮುಚ್ಚುವ ರಿಮ್ ಪಟ್ಟಿ ಸರಿದಿದೆ. ಇದನ್ನು ಪತ್ತೆ ಹಚ್ಚಲು ಒಂದು ಅಭ್ಯಾಸ ಬಹಳ ನೆರವಾಗುತ್ತದೆ: ಟೈರ್ ಹಾಕುವಾಗ ಅದರ ಮೇಲಿನ ಹೆಸರಿನ ಚಿತ್ತಾರ ಸರಿಯಾಗಿ ವಾಲ್ವ್‌ನ ಪಕ್ಕಕ್ಕೆ ಬರುವಂತೆ ಕೂರಿಸಿ. ಪಂಕ್ಚರಾದಾಗ ಟ್ಯೂಬಿನ ತೂತು ವಾಲ್ವ್‌ನಿಂದ ಎಷ್ಟು ದೂರದಲ್ಲಿದೆ ಎಂದು ನೋಡಿ, ಟೈರಿನಲ್ಲಿಯೂ ಹೆಸರಿನಿಂದ ಅಷ್ಟೇ ದೂರವನ್ನು ಎರಡೂ ದಿಕ್ಕಿಗೆ ಅಳೆದರೆ ಚುಚ್ಚಿದ ವಸ್ತು ಅಲ್ಲಿಯೇ ಸಿಗುತ್ತದೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದವರಿಗೆ ಅರ್ಧ ಗಂಟೆಯೊಳಗೆ ಎರಡನೆಯ ಪಂಕ್ಚರ್ ಆಗುತ್ತದೆ. ಟೈರಿನ ಒಳಭಾಗವನ್ನು ಬರಿಬೆರಳಿನಿಂದ ಸವರುವುದಕ್ಕಿಂತ ಹತ್ತಿಯ ಬಟ್ಟೆಯಿಂದ ಸವರಿ. ಮುಳ್ಳಿಗೆ ನೂಲು ಸಿಕ್ಕಿಕೊಳ್ಳುತ್ತದೆ, ಬೆರಳು ಉಳಿಯುತ್ತದೆ.

ಟ್ಯೂಬ್‌ಲೆಸ್ ವ್ಯವಸ್ಥೆ ಮೌಂಟನ್ ಬೈಕಿಗೆ ನಿಸ್ಸಂದೇಹವಾಗಿ ಒಳ್ಳೆಯದು. ಟ್ಯೂಬೇ ಇಲ್ಲದ್ದರಿಂದ ಸಿಕ್ಕಿ ಸೀಳುವ ಭಯವಿಲ್ಲದೆ ಗಾಳಿ ಇಳಿಸಬಹುದು, ಸಣ್ಣ ತೂತುಗಳನ್ನು ಒಳಗಿನ ಸೀಲೆಂಟ್ ದ್ರವವೇ ಮುಚ್ಚುತ್ತದೆ. ರಸ್ತೆ ಸೈಕಲ್ಲಿಗೆ ಅದು ಐಚ್ಛಿಕ. ಸೀಲೆಂಟ್ ಕೆಲವು ತಿಂಗಳುಗಳಲ್ಲಿ ಒಣಗುತ್ತದೆ, ಬಿಸಿಲು ಹೆಚ್ಚಿದ್ದರೆ ಇನ್ನೂ ಬೇಗ. ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸುವ ವ್ಯವಧಾನ ಇಲ್ಲದವರಿಗೆ ಟ್ಯೂಬೇ ಮೇಲು.

ಪ್ರಶ್ನೆ: ಪ್ರತಿ ಸವಾರಿಗೂ ಮುನ್ನ ಚೈನಿಗೆ ಎಣ್ಣೆ ಹಾಕುತ್ತೇನೆ. ಆದರೂ ಚೈನ್ ಕಪ್ಪಾಗಿ ಕರಕರ ಎನ್ನುತ್ತದೆ. ರಿಪೇರಿಯವರು ಚೈನಿನ ಜೊತೆಗೆ ಹಿಂದಿನ ಕ್ಯಾಸೆಟ್ಟನ್ನೂ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಂಪು) ಬದಲಿಸಬೇಕು ಎನ್ನುತ್ತಾರೆ. ಇಷ್ಟು ಎಣ್ಣೆ ಹಾಕಿಯೂ ಹೀಗೇಕೆ?

ಉತ್ತರ: ನಿಮ್ಮ ಶ್ರದ್ಧೆ ಸರಿಯಾಗಿದೆ, ಎಣ್ಣೆ ಸೇರಬೇಕಾದ ಜಾಗಕ್ಕೆ ಸೇರುತ್ತಿಲ್ಲ. ರೋಲರ್ ಚೈನಿನ ರಚನೆಗೆ ಹಾನ್ಸ್ ರೆನೊಲ್ಡ್ 1880ರಲ್ಲಿ ಪೇಟೆಂಟ್ ಪಡೆದಾಗಿನಿಂದ ಅದರ ಮೂಲತತ್ತ್ವ ಬದಲಾಗಿಲ್ಲ: ಪ್ರತಿ ಕೊಂಡಿಯಲ್ಲಿ ಒಂದು ಪಿನ್ ತಿರುಗುತ್ತದೆ, ಅದರ ಸುತ್ತ ಒಂದು ರೋಲರ್ ಉರುಳುತ್ತದೆ. ಎಣ್ಣೆ ಬೇಕಿರುವುದು ಪಿನ್ ತಿರುಗುವ ಆ ಒಳಜಾಗಕ್ಕೆ. ಹೊರತಟ್ಟೆಗಳ ಮೇಲೆ ಉಳಿದ ಎಣ್ಣೆ ಯಾವ ಕೆಲಸವನ್ನೂ ಮಾಡದೆ ದೂಳನ್ನು ಅಂಟಿಸಿಕೊಳ್ಳುತ್ತದೆ. ದೂಳಿನಲ್ಲಿರುವ ಮರಳು ಎಣ್ಣೆಯೊಡನೆ ಬೆರೆತು, ಉಪ್ಪುಕಾಗದದಿಂದ ಉಜ್ಜಿದಂತೆ ಪಿನ್ನನ್ನೂ ಹಲ್ಲನ್ನೂ ಸವೆಸುತ್ತದೆ. ಚೈನನ್ನು ಒರೆಸದೆ ದಿನವೂ ಎಣ್ಣೆ ಸುರಿದರೆ ಈ ಮಿಶ್ರಣವನ್ನು ನಾವೇ ಹೆಚ್ಚಿಸುತ್ತಾ ಹೋದಂತಾಗುತ್ತದೆ.

ಕ್ರಮ ಹೀಗಿರಲಿ. ಮೊದಲು ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಒರೆಸಿ. ತುಂಬ ಕೊಳೆಯಾಗಿದ್ದರೆ ಚೈನ್ ಬಿಚ್ಚಿ ಡಿಗ್ರೀಸರ್ ಅಥವಾ ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ. ಒಳಗೆ ಉಳಿದ ಸೀಮೆಎಣ್ಣೆ ಹೊಸ ಎಣ್ಣೆಯನ್ನು ತೆಳುವಾಗಿಸಿ ಹರಿಸಿಬಿಡುತ್ತದೆ. ಆನಂತರ ಚೈನಿನ ಕೆಳಸಾಲಿನಲ್ಲಿ, ಹಲ್ಲುಗಳ ಕಡೆಗೆ ಮುಖ ಮಾಡಿರುವ ಒಳಮೈಯ ಮೇಲೆ, ಪ್ರತಿ ರೋಲರಿಗೂ ಒಂದೊಂದು ಹನಿ ಬಿಡಿ. ಪೆಡಲನ್ನು ಹಿಂದಕ್ಕೆ ಅರ್ಧ ನಿಮಿಷ ತಿರುಗಿಸಿ, ಕೆಲ ಹೊತ್ತು ಬಿಟ್ಟು, ಹೊರಗೆ ಕಾಣುವ ಎಣ್ಣೆಯನ್ನೆಲ್ಲ ಒಣಬಟ್ಟೆಯಿಂದ ಒರೆಸಿ ತೆಗೆಯಿರಿ. ಈ ಕೊನೆಯ ಒರೆಸುವಿಕೆಯನ್ನು ಬಿಟ್ಟವರೇ ಹೆಚ್ಚು, ಆದರೆ ಚೈನಿನ ಆಯುಸ್ಸು ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ. ದೂಳಿನ ಕಾಲಕ್ಕೆ ಮೇಣ ಬೆರೆತ ಒಣ ಲೂಬ್ (ಚೈನಿನ ಎಣ್ಣೆ) ಒಳ್ಳೆಯದು, ಅದನ್ನು ಹಿಂದಿನ ರಾತ್ರಿಯೇ ಹಾಕಿದರೆ ಆರಲು ಸಮಯ ಸಿಗುತ್ತದೆ. ಮಳೆ ಮತ್ತು ಕೆಸರಿಗೆ ದಪ್ಪನೆಯ ವೆಟ್ ಲೂಬ್ ಬೇಕು, ಏಕೆಂದರೆ ಒಣ ಲೂಬ್ ನೀರಿಗೆ ಬೇಗ ತೊಳೆದುಹೋಗುತ್ತದೆ. ತುಕ್ಕು ಬಿಡಿಸುವ ತೆಳು ಸ್ಪ್ರೇಗಳು ಕೊಳೆ ತೆಗೆಯಲು ಆದೀತು, ಚೈನಿನ ಎಣ್ಣೆಯ ಜಾಗವನ್ನು ತುಂಬಲಾರವು.

ಕ್ಯಾಸೆಟ್ಟಿನ ವಿಚಾರದಲ್ಲಿ ರಿಪೇರಿಯವರ ಮಾತು ಬಹುಶಃ ನಿಜ, ಆದರೆ ನೀವೇ ಅಳೆದು ನೋಡಬಹುದು. ಹೊಸ ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಅಂತರ. ಉಕ್ಕಿನ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದರೆ ಅಲ್ಲಿಂದ ಮುಂದಿನ 24ನೆಯ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ, ಅಂದರೆ 304.8 ಮಿ.ಮೀ.ಗೆ ಬರಬೇಕು. ಪಿನ್ನುಗಳು ಸವೆದಂತೆ ಈ ಅಂತರ ಬೆಳೆಯುತ್ತದೆ. ಚೈನ್ ಹಿಗ್ಗಿದೆ ಎನ್ನುವುದು ರೂಢಿಯಾದರೂ ತಟ್ಟೆಗಳೇನೂ ಹಿಗ್ಗಿರುವುದಿಲ್ಲ. 11 ಮತ್ತು 12 ಗೇರುಗಳ ಕ್ಯಾಸೆಟ್ಟಿನಲ್ಲಿ ಬೆಳವಣಿಗೆ ಶೇ 0.5, ಅಂದರೆ ಒಂದೂವರೆ ಮಿ.ಮೀ. ಆದಾಗ ಚೈನ್ ಬದಲಿಸಿ. 10 ಅಥವಾ ಕಡಿಮೆ ಗೇರುಗಳದಾದರೆ ಶೇ 0.75ರವರೆಗೆ, ಅಂದರೆ ಸುಮಾರು 2.3 ಮಿ.ಮೀ.ವರೆಗೆ ಕಾಯಬಹುದು. ಅದನ್ನು ದಾಟಿದ ಚೈನ್ ಹಲ್ಲಿನ ಬುಡದಲ್ಲಿ ಕೂರದೆ ಮೇಲೇರುತ್ತದೆ, ಹಲ್ಲುಗಳನ್ನು ತನ್ನ ಹೊಸ ಅಳತೆಗೆ ತಕ್ಕಂತೆ ಸವೆಸುತ್ತದೆ. ಆಮೇಲೆ ಹೊಸ ಚೈನ್ ಹಾಕಿದರೆ ಅದು ಸವೆದ ಹಲ್ಲುಗಳಿಗೆ ಹೊಂದದೆ, ಏರಿನಲ್ಲಿ ಬಲ ಹಾಕಿದೊಡನೆ ಜಾರುತ್ತದೆ. ಸಕಾಲಕ್ಕೆ ಚೈನ್ ಬದಲಿಸುತ್ತಾ ಹೋದರೆ ಒಂದು ಕ್ಯಾಸೆಟ್ ಎರಡು ಮೂರು ಚೈನುಗಳ ಕಾಲ ಬಾಳುತ್ತದೆ. ಕ್ಯಾಸೆಟ್ ಚೈನಿಗಿಂತ ದುಬಾರಿಯಾದ್ದರಿಂದ ಈ ಅಳತೆಗೆ ತಿಂಗಳಿಗೊಮ್ಮೆ ಎರಡು ನಿಮಿಷ ಕೊಡುವುದು ನ್ಯಾಯವೇ.

ಪ್ರಶ್ನೆ: ಮೌಂಟನ್ ಬೈಕಿನ ಡಿಸ್ಕ್ ಬ್ರೇಕ್ ಕಿರುಚುತ್ತದೆ. ಉದ್ದದ ಇಳಿಜಾರಿನ ಕೊನೆಗೆ ಲಿವರ್ ಹ್ಯಾಂಡಲಿನವರೆಗೆ ಬಂದುಬಿಡುತ್ತದೆ. ಕಾರಣವೇನು?

ಉತ್ತರ: ಇವು ಎರಡು ಬೇರೆ ತೊಂದರೆಗಳು. ಎರಡನೆಯದು ಅಪಾಯಕಾರಿಯಾದ್ದರಿಂದ ಅದನ್ನು ಮೊದಲು ಹೇಳುತ್ತೇನೆ. ಬ್ರೇಕನ್ನು ಸತತವಾಗಿ ಹಿಡಿದೇ ಇಳಿದಾಗ ಶಾಖ ಪ್ಯಾಡ್‌ನಿಂದ ಅದನ್ನು ಹಿಡಿದಿರುವ ಕ್ಯಾಲಿಪರಿಗೂ ಅಲ್ಲಿಂದ ಒಳಗಿನ ದ್ರವಕ್ಕೂ ಹರಿಯುತ್ತದೆ. ಕೊಳವೆಯೊಳಗೆ ಗಾಳಿ ಅಥವಾ ಆವಿ ಸೇರಿದರೆ, ಅದು ದ್ರವದಂತಲ್ಲದೆ ಒತ್ತಿದರೆ ಕುಗ್ಗುವುದರಿಂದ, ಲಿವರಿನ ಬಲ ಪ್ಯಾಡನ್ನು ಒತ್ತುವ ಪಿಸ್ಟನ್ ತಲುಪುವುದಿಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಗುಡ್ಡಗಳಲ್ಲಿ ಹಳೆಯ ಭಾರದ ಸೈಕಲ್ಲುಗಳನ್ನು ಇಳಿಸಿ ಈ ಕ್ರೀಡೆಗೆ ದಾರಿ ಮಾಡಿದವರು, ಚಕ್ರದ ನಡುವಿನ ಹಬ್‌ನೊಳಗಿನ ಬ್ರೇಕಿನ ಗ್ರೀಸ್ ಸುಟ್ಟುಹೋಗುತ್ತಿದ್ದುದರಿಂದ ಅದನ್ನು ಮತ್ತೆ ಮತ್ತೆ ತುಂಬಬೇಕಾಗುತ್ತಿತ್ತು. ಬ್ರೇಕಿನ ರಚನೆ ಬದಲಾಗಿದೆ, ಶಾಖದ ಸಮಸ್ಯೆ ಅದೇ. ತಿರುವಿಗೆ ಮುನ್ನ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಪೂರ್ತಿ ಬಿಡಿ. ಬಿಟ್ಟ ಆ ಕೆಲವು ಕ್ಷಣಗಳಲ್ಲಿ ಡಿಸ್ಕಿಗೆ ಗಾಳಿ ತಾಗಿ ಆರುತ್ತದೆ. ಮುಂದಿನ ಇಳಿಜಾರಿಗೆ ಹೋಗುವ ಮೊದಲು ದ್ರವವನ್ನು ಬದಲಿಸಿ ಗಾಳಿ ತೆಗೆಯುವ ಬ್ಲೀಡಿಂಗ್ ಮಾಡಿಸಲೇಬೇಕು. ಡಾಟ್ ಎಂಬ ಬಗೆಯ ಬ್ರೇಕ್ ದ್ರವ ಕಾಲಕ್ರಮೇಣ ಗಾಳಿಯಿಂದ ತೇವ ಹೀರಿಕೊಂಡು ಕಡಿಮೆ ಶಾಖಕ್ಕೇ ಕುದಿಯತೊಡಗುತ್ತದೆ. ಕೆಲವು ಬ್ರೇಕುಗಳು ಡಾಟ್ ದ್ರವಕ್ಕೂ ಕೆಲವು ಮಿನರಲ್ ಆಯಿಲ್‌ಗೂ ತಯಾರಾಗಿವೆ. ಒಂದರಲ್ಲಿ ಇನ್ನೊಂದನ್ನು ಎಂದಿಗೂ ಹಾಕಬೇಡಿ, ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ.

ಕಿರುಚುವಿಕೆಗೆ ಸಾಮಾನ್ಯ ಕಾರಣ ಡಿಸ್ಕಿನ ಮೇಲೆ ಬಿದ್ದ ಎಣ್ಣೆಯ ಅಂಶ. ಚೈನಿಗೆ ಸ್ಪ್ರೇ ಹೊಡೆದಾಗ ಹಾರಿದ ಹನಿ, ಬೆರಳಿನ ಜಿಡ್ಡು ಕೂಡ ಸಾಕು. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಪ್ಯಾಡ್ ಎಣ್ಣೆ ಕುಡಿದಿದ್ದರೆ ಅದನ್ನು ಉಳಿಸುವ ಪ್ರಯತ್ನ ಬೇಡ, ಬದಲಿಸಿ. ಹೊಸ ಪ್ಯಾಡ್ ಹಾಕಿದ ಮೇಲೆ ಸಾಧಾರಣ ವೇಗದಿಂದ ನಡಿಗೆಯ ವೇಗದವರೆಗೆ, ಚಕ್ರ ನಿಲ್ಲದಂತೆ ನಿಧಾನವಾಗಿ ಬ್ರೇಕ್ ಹಿಡಿದು ಬಿಡುವುದನ್ನು ಹದಿನೈದು ಇಪ್ಪತ್ತು ಬಾರಿ ಮಾಡಿದರೆ ಪ್ಯಾಡ್‌ನ ತೆಳುಪದರ ಡಿಸ್ಕಿನ ಮೇಲೆ ಸಮನಾಗಿ ಕೂರುತ್ತದೆ. ರೆಸಿನ್ ಪ್ಯಾಡ್ ಸದ್ದು ಕಡಿಮೆ, ಕೆಸರಿನಲ್ಲಿ ಬೇಗ ಸವೆಯುತ್ತದೆ. ಲೋಹದ ಪ್ಯಾಡ್ ಕೆಸರು ಮತ್ತು ಶಾಖವನ್ನು ತಾಳುತ್ತದೆ, ಸದ್ದು ಸ್ವಲ್ಪ ಹೆಚ್ಚು. ಡಿಸ್ಕ್ ಕೂಡ ಸವೆಯುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಹೊಸದರಲ್ಲಿ ಸಾಮಾನ್ಯವಾಗಿ 1.8 ಮಿ.ಮೀ. ದಪ್ಪವಿರುವ ಡಿಸ್ಕನ್ನು ಎಷ್ಟಕ್ಕೆ ಇಳಿದಾಗ ಬದಲಿಸಬೇಕು ಎಂಬ ಕನಿಷ್ಠ ಅಳತೆಯನ್ನು ಬಹುತೇಕ ತಯಾರಕರು ಅದರ ಮೇಲೆಯೇ ಕೊರೆದಿರುತ್ತಾರೆ.

ಪ್ರಶ್ನೆ: ಒಮ್ಮೆ ಬಿದ್ದಾಗ ಹೆಲ್ಮೆಟ್ ನೆಲಕ್ಕೆ ತಾಗಿತು. ಹೊರಗೆ ಒಡಕು ಕಾಣುವುದಿಲ್ಲ. ಬಳಸಬಹುದೇ?

ಉತ್ತರ: ಬಳಸಬೇಡಿ. ಒಳಗಿನ ಬಿಳಿ ಫೋಮ್ ಪೆಟ್ಟನ್ನು ಹೀರುವುದು ತಾನು ನುಜ್ಜಾಗುವ ಮೂಲಕ. ಒಮ್ಮೆ ನುಜ್ಜಾದ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ, ಹೊರಕವಚ ಅದನ್ನು ಮರೆಮಾಡುತ್ತದೆ. ಹೊಸದನ್ನು ಕೊಳ್ಳುವಾಗ ಯುರೋಪಿನ ಇಎನ್ 1078 ಅಥವಾ ಅಮೆರಿಕದ ಸಿಪಿಎಸ್‌ಸಿ ಮಾನದಂಡದ ಗುರುತು ಇದೆಯೇ ನೋಡಿ. ಹಣೆಯ ಮೇಲೆ ಹುಬ್ಬಿನಿಂದ ಎರಡು ಬೆರಳಿನಷ್ಟು ಮಾತ್ರ ಎತ್ತರದಲ್ಲಿ ಅದು ಕೂರಬೇಕು, ಪಟ್ಟಿ ಕಟ್ಟದೆ ತಲೆಯಾಡಿಸಿದರೂ ಜಾರಬಾರದು. ಕಡಿದಾದ ಡೌನ್‌ಹಿಲ್ ಹಾದಿಗಳಿಗೆ ದವಡೆಯನ್ನೂ ಮುಚ್ಚುವ ಹೆಲ್ಮೆಟ್ ಬೇಕು.

ಪ್ರಶ್ನೆ: ಸ್ಪ್ರಿಂಗಿನ ಬದಲು ಗಾಳಿಯ ಒತ್ತಡದಿಂದ ಕೆಲಸ ಮಾಡುವ ಏರ್ ಫೋರ್ಕಿಗೆ ಎಷ್ಟು ಗಾಳಿ ಹಾಕಬೇಕೆಂದು ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಭಾರಕ್ಕೆ ಅದು ಎಷ್ಟು ತಗ್ಗುತ್ತದೆ ಎಂಬುದರಿಂದ. ಸವಾರಿಯ ಉಡುಪು, ಚೀಲಗಳೊಂದಿಗೆ ಗೋಡೆಯ ಆಸರೆಯಲ್ಲಿ ಸೈಕಲ್ ಏರಿ, ಪೆಡಲುಗಳ ಮೇಲೆ ಸವಾರಿಯ ಭಂಗಿಯಲ್ಲಿ ನಿಲ್ಲಿ. ಫೋರ್ಕಿನ ಹೊಳೆಯುವ ಕೊಳವೆಯ ಮೇಲಿನ ರಬ್ಬರ್ ಉಂಗುರವನ್ನು ಸೀಲಿನವರೆಗೆ ಇಳಿಸಿ, ಮೆಲ್ಲಗೆ ಇಳಿದು, ಉಂಗುರ ಎಷ್ಟು ಸರಿದಿದೆ ಎಂದು ಅಳೆಯಿರಿ. 120 ಮಿ.ಮೀ. ಚಲನೆಯ ಫೋರ್ಕಿನಲ್ಲಿ ಶೇ 15ರಿಂದ 20, ಅಂದರೆ 18ರಿಂದ 24 ಮಿ.ಮೀ. ತಗ್ಗಿದರೆ ಸರಿ. ಹಿಂದಿನ ಶಾಕ್ ಇದ್ದವರು ಅಲ್ಲಿ ಶೇ 25ರಿಂದ 30 ಇಟ್ಟುಕೊಳ್ಳಬಹುದು. ಇದಕ್ಕೆ ಶಾಕ್ ಪಂಪು ಬೇಕು, ಟೈರಿನ ಪಂಪು ನಡೆಯದು. ಪ್ರತಿ ಸವಾರಿಯ ನಂತರ ಆ ಕೊಳವೆಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಅಲ್ಲಿ ಕೂತ ಕೆಸರು ಸೀಲಿನೊಳಗೆ ನುಗ್ಗಿದರೆ ಕೊಳವೆಯ ಲೇಪನವೇ ಗೀಚಿಹೋಗುತ್ತದೆ. ಫೋರ್ಕಿನ ಕೆಳಕಾಲುಗಳೊಳಗಿನ ಎಣ್ಣೆಯನ್ನು ಸುಮಾರು 50 ಗಂಟೆಗಳ ಸವಾರಿಗೊಮ್ಮೆ ಬದಲಿಸಲು ಹಲವು ತಯಾರಕರು ಹೇಳುತ್ತಾರೆ.

ಪ್ರಶ್ನೆ: ಕೆಸರಿನ ಸವಾರಿಯ ನಂತರ ಸೈಕಲ್ಲನ್ನು ಒತ್ತಡದ ನೀರಿನಿಂದ ತೊಳೆಯುತ್ತೇನೆ. ಇತ್ತೀಚೆಗೆ ಪೆಡಲ್ ತುಳಿದಾಗ ಟಕ್ ಟಕ್ ಸದ್ದು ಬರುತ್ತಿದೆ. ಎರಡಕ್ಕೂ ಸಂಬಂಧವಿದೆಯೇ?

ಉತ್ತರ: ಇರಬಹುದು. ಒತ್ತಡದ ನೀರು ಬೇರಿಂಗಿನ ಸೀಲನ್ನು ದಾಟಿ ಗ್ರೀಸನ್ನು ಕದಡುತ್ತದೆ. ಹಬ್, ಹ್ಯಾಂಡಲ್ ತಿರುಗುವ ಜಾಗದ ಹೆಡ್‌ಸೆಟ್, ಪೆಡಲುಗಳ ಕ್ರ್ಯಾಂಕಿನ ನಡುಭಾಗಗಳಿಗೆ ಅದನ್ನು ಎಂದೂ ಗುರಿ ಮಾಡಬೇಡಿ. ಬಕೆಟ್ಟಿನ ನೀರು, ಮೃದುವಾದ ಬ್ರಷ್, ಸ್ವಲ್ಪ ಸಾಬೂನು ಸಾಕು, ತೊಳೆದ ಕೂಡಲೇ ಒಣಗಿಸಿ ಚೈನಿಗೆ ಎಣ್ಣೆ ಹಾಕಿ.

ಆದರೆ ಸದ್ದಿನ ಮೂಲವನ್ನು ಪತ್ತೆ ಮಾಡದೆ ಬೇರಿಂಗ್ ಬದಲಿಸಬೇಡಿ, ಏಕೆಂದರೆ ಪೊಳ್ಳು ಕೊಳವೆಗಳಲ್ಲಿ ಸದ್ದು ಹರಡಿ ಬೇರೆಡೆಯಿಂದ ಬಂದಂತೆ ಕೇಳಿಸುತ್ತದೆ. ಸೀಟಿನಿಂದ ಎದ್ದು ನಿಂತು ತುಳಿಯಿರಿ. ಸದ್ದು ನಿಂತರೆ ಸೀಟು ಅಥವಾ ಸೀಟಿನ ಕಂಬದಲ್ಲಿ ದೋಷವಿದೆ, ಕಂಬವನ್ನು ಹೊರತೆಗೆದು ಒರೆಸಿ ಮತ್ತೆ ಕೂರಿಸಿ. ಲೋಹದ ಕಂಬ ಲೋಹದ ಫ್ರೇಮಿನಲ್ಲಿದ್ದರೆ ಗ್ರೀಸ್ ಹಚ್ಚಿ, ಕಾರ್ಬನ್ ಇದ್ದರೆ ಗ್ರೀಸ್ ಬದಲು ಅದಕ್ಕೆಂದೇ ಸಿಗುವ ಕಾರ್ಬನ್ ಪೇಸ್ಟ್ ಹಚ್ಚಿ. ತುಳಿಯದೆ ಹ್ಯಾಂಡಲನ್ನು ಎಳೆದಾಡಿದಾಗ ಸದ್ದು ಬಂದರೆ ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್‌ನ ಬೋಲ್ಟುಗಳನ್ನು ನೋಡಿ. ಅವುಗಳ ಪಕ್ಕದಲ್ಲಿಯೇ ಬಿಗಿತದ ಪ್ರಮಾಣ ಬರೆದಿರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಸುತ್ತಮುತ್ತ. ಅಂದಾಜಿನ ಮೇಲೆ ಬಿಗಿದು ಕಾರ್ಬನ್ ಹ್ಯಾಂಡಲನ್ನು ಸೀಳಿಸಿಕೊಳ್ಳುವುದಕ್ಕಿಂತ ಸಣ್ಣ ಟಾರ್ಕ್ ರೆಂಚ್ ಒಂದನ್ನು ಕೊಳ್ಳಿ. ಎದ್ದು ತುಳಿದರೂ ಕುಳಿತು ತುಳಿದರೂ ಪ್ರತಿ ಸುತ್ತಿನ ಒಂದೇ ಜಾಗದಲ್ಲಿ ಸದ್ದು ಬಂದರೆ ಮೊದಲು ಪೆಡಲುಗಳನ್ನು ಬಿಚ್ಚಿ ಮರೆಗಳನ್ನು (ತಿರುಪಿನ ಸುರುಳಿಗೆರೆಗಳನ್ನು) ಒರೆಸಿ, ಗ್ರೀಸ್ ಹಚ್ಚಿ ಬಿಗಿಯಿರಿ. ಬೇರಿಂಗಿನದೆಂದು ತಿಳಿದ ಎಷ್ಟೋ ಸದ್ದುಗಳು ಇಲ್ಲಿಗೇ ನಿಲ್ಲುತ್ತವೆ. ಎಡ ಪೆಡಲಿನ ಮರೆ ವಿರುದ್ಧ ದಿಕ್ಕಿನದು ಎಂಬುದನ್ನು ನೆನಪಿಡಿ: ಅದನ್ನು ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಇದು ತಿಳಿಯದೆ ಇನ್ನೊಂದು ದಿಕ್ಕಿಗೆ ಬಲ ಹಾಕಿದರೆ ಪೆಡಲ್ ಇನ್ನಷ್ಟು ಬಿಗಿಯಾಗುತ್ತದೆ, ಕ್ರ್ಯಾಂಕಿನ ಮರೆಯೂ ಕಿತ್ತುಬರಬಹುದು.